ರೇಡಿಯೋದ ಕಿವಿ ಹಿಂಡಿದ ಕತೆ

ನಮ್ಮ ರಾಯಚೂರಿನಲ್ಲಿ 'ವಾಲ್ಯೂಮ್ ಕಡಿಮೆ ಮಾಡು' ಅನ್ನುವುದಕ್ಕಿಂತ 'ಅವಾಜ್ ಕಮ್ಮಿ ಮಾಡಪಾ' ಅನ್ನುವವರೇ ಜಾಸ್ತಿ. ನಿಜಾಮನ ಆಳ್ವಿಕೆ ೧೯೪೮ಕ್ಕೆ ಮುಗಿಯಿತು, ೧೯೫೬ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಹೈದರಾಬಾದ್ ಕರ್ನಾಟಕ ಅನ್ನುವ ಹೆಸರೂ ೨೦೧೯ರಲ್ಲಿ ಕಲ್ಯಾಣ ಕರ್ನಾಟಕ ಆಯಿತು. 'ಅವಾಜ್' ಮಾತ್ರ ಹಂಗೇ ಉಳೀತು :)

ಈ ಅವಾಜ್ ಕಮ್ಮಿ ಜಾಸ್ತಿ ಮಾಡುವ ಪುಟ್ಟ ತಿರುಪು ಇದೆಯಲ್ಲ, ಅದಕ್ಕೂ ಒಂದು ಚರಿತ್ರೆ ಇದೆ. ಹೈ-ಫೈ ಹುಚ್ಚಿನವರ ನಡುವೆ 'ಪ್ಯಾಸಿವ್ ವಾಲ್ಯೂಮ್ ಕಂಟ್ರೋಲ್' ಅನ್ನುವ ಮಾತು ಆಗಾಗ ಏಳುತ್ತದೆ. ಕರೆಂಟ್ ಬೇಡ, ಟ್ರಾನ್ಸಿಸ್ಟರ್ ಬೇಡ, ವಾಲ್ವ್ ಬೇಡ. ಡಬ್ಬಿಯೊಳಗೆ ಒಂದು ತಿರುಪು, ನಾಲ್ಕು ಸಾಕೆಟ್ಟು, ಅಷ್ಟೇ. ಇದನ್ನು ಏನೋ ಹೊಸ ಸಂಶೋಧನೆ ಅನ್ನುವ ಹಾಗೆ ಮಾತಾಡುತ್ತಾರೆ. ನಾನು ಹೇಳುವುದು ಇಷ್ಟೇ: ಇದು ಹೊಸದಲ್ಲ. ನಮ್ಮ ಅಜ್ಜಂದಿರ ರೇಡಿಯೋದಲ್ಲಿ ಇದ್ದದ್ದೂ ಇದೇ. ನಡುವೆ ಕೆಲವು ದಶಕ ಇದಕ್ಕೆ ಕೆಲಸ ಕಮ್ಮಿ ಇತ್ತು, ಆಮೇಲೆ ಮತ್ತೆ ಕೆಲಸ ಬಂತು. ಯಾಕೆ ಅನ್ನುವುದೇ ಈ ಬರಹ.

ತಿರುಪೇ ಇಲ್ಲದ ಕಾಲ

ಮಾನ್ವಿ, ದೇವದುರ್ಗ ಅಂದರೆ ದಾಸರ ನೆಲ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಬ್ಯಾಗವಾಟ ಎರಡೂ ಮಾನ್ವಿ ಕಡೆ. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ಕಡೆ. ಮೂವರೂ ೧೮ನೇ ಶತಮಾನದವರು. ತಂಬೂರಿ, ತಾಳ, ಗೆಜ್ಜೆ, ಗಂಟಲು ಇವಿಷ್ಟೇ ಸಾಮಾನು. ಹಾಡುವವರ ಉಸಿರು ಎಷ್ಟು ದೂರ ಮುಟ್ಟುತ್ತೋ ಅಷ್ಟೇ ಸಭೆ. ದೂರ ಕೂತವರಿಗೆ ಕೇಳದಿದ್ದರೆ ಅವರೇ ಹತ್ತಿರ ಬರಬೇಕು. ಅವಾಜ್ ಹೊಂದಿಸುತ್ತಿದ್ದದ್ದು ಕೇಳುಗರ ಕಾಲು, ಕೈಯಲ್ಲ!

೧೮೭೧ರಲ್ಲಿ ಮುಂಬೈ ಕಡೆಯಿಂದ ಬಂದ ಜಿ.ಐ.ಪಿ. ರೈಲುದಾರಿ ಮತ್ತು ಮದ್ರಾಸ್ ಕಡೆಯಿಂದ ಬಂದ ರೈಲುದಾರಿ ರಾಯಚೂರಿನಲ್ಲಿ ಕೂಡಿದವು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆ ಗ್ರಾಮಫೋನ್ ತಟ್ಟೆಗೆ ಇಳಿಯಿತು. ಮುಂದೆ ಬಂದ ಕೀಲಿ ಕೊಡುವ ಗ್ರಾಮಫೋನ್ ಪೆಟ್ಟಿಗೆಗಳಲ್ಲಿ ವಾಲ್ಯೂಮ್ ತಿರುಪು ಇರಲಿಲ್ಲ. ಹಾಗಂತ ಅವಾಜ್ ಹೊಂದಿಸುವ ದಾರಿಯೇ ಇರಲಿಲ್ಲ ಅಂದುಕೋಬೇಡಿ. ಉಕ್ಕಿನ ಮುಳ್ಳು ಮೂರು ನಮೂನೆ ಸಿಗುತ್ತಿದ್ದವು: ಜೋರು, ಮಧ್ಯಮ, ಮೆದು. ದಪ್ಪ ಮುಳ್ಳು ಹಾಕಿದರೆ ಜೋರು, ತೆಳ್ಳನೆಯದು ಹಾಕಿದರೆ ಮೆದು. ಇನ್ನೂ ಕಮ್ಮಿ ಬೇಕಾದರೆ ಪೆಟ್ಟಿಗೆಯ ಮುಚ್ಚಳ ಹಾಕುವುದು, ಬಾಗಿಲಿದ್ದರೆ ಬಾಗಿಲು ಮುಚ್ಚುವುದು. ಈಗ ಯೋಚನೆ ಮಾಡಿ, ಇವೆಲ್ಲ 'ಪ್ಯಾಸಿವ್' ಅಲ್ಲದೆ ಮತ್ತೇನು? ಯಾವುದೂ ಶಕ್ತಿ ಸೇರಿಸುವುದಿಲ್ಲ. ಹುಟ್ಟಿದ ಸದ್ದಿನಲ್ಲಿ ಸ್ವಲ್ಪವನ್ನು ತಡೆಯುತ್ತವೆ, ಅಷ್ಟೇ.

ಪೋಗೆನ್‌ಡಾರ್ಫನ ತಂತಿ, ರೇಡಿಯೋದ ಕಿವಿ

ಹೈದರಾಬಾದಿನಲ್ಲಿ ೧೯೩೩ರಲ್ಲಿ ಖಾಸಗಿಯಾಗಿ ಒಂದು ರೇಡಿಯೋ ಕೇಂದ್ರ ಶುರುವಾಯಿತು. ೧೯೩೫ರಲ್ಲಿ ನಿಜಾಮ ಸರ್ಕಾರ ಅದನ್ನು ವಹಿಸಿಕೊಂಡಿತು. ಅದೇ ಡೆಕ್ಕನ್ ರೇಡಿಯೋ. ಅದೇ ವರ್ಷ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದರು. ರಾಯಚೂರು ಆಗ ಹೈದರಾಬಾದ್ ಸಂಸ್ಥಾನದ ಜಿಲ್ಲೆ. ೧೯೫೦ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು, ಏಪ್ರಿಲ್‌ನಲ್ಲಿ ಡೆಕ್ಕನ್ ರೇಡಿಯೋ ಆಲ್ ಇಂಡಿಯಾ ರೇಡಿಯೋಕ್ಕೆ ಸೇರಿತು. ಕಲಬುರಗಿಗೆ ಕೇಂದ್ರ ಬಂದದ್ದು ೧೯೬೬ರಲ್ಲಿ.

ವಾಲ್ವ್ ರೇಡಿಯೋ ನೋಡಿದವರಿಗೆ ಗೊತ್ತು. ಮುಂದೆ ಎರಡು ದೊಡ್ಡ ತಿರುಪು. ಒಂದು ಸ್ಟೇಶನ್ ಹುಡುಕಲಿಕ್ಕೆ, ಇನ್ನೊಂದು ಅವಾಜಿಗೆ. ಅವಾಜಿನ ತಿರುಪು ಹಿಂದಕ್ಕೆ ಪೂರ್ತಿ ತಿರುಗಿಸಿದರೆ 'ಟಕ್' ಅಂತ ರೇಡಿಯೋನೇ ಬಂದ್. 'ರೇಡಿಯೋದ ಕಿವಿ ಹಿಂಡು' ಅನ್ನುವ ಮಾತು ಇದರಿಂದಲೇ.

ಆ ಕಿವಿಯ ಹಿಂದೆ ಇದ್ದದ್ದು ಪೊಟೆನ್ಶಿಯೋಮೀಟರ್, ಮೆಕ್ಯಾನಿಕ್‌ಗಳ ಭಾಷೆಯಲ್ಲಿ 'ಪಾಟ್'. ಇದರ ಮೂಲ ಜರ್ಮನಿಯ ವಿಜ್ಞಾನಿ ಪೋಗೆನ್‌ಡಾರ್ಫ್ ೧೮೪೧ರಲ್ಲಿ ಮಾಡಿದ ಅಳತೆಯ ಉಪಕರಣ. ವಿದ್ಯುತ್ ಒತ್ತಡವನ್ನು ಸೂಕ್ಷ್ಮವಾಗಿ ಅಳೆಯಲಿಕ್ಕೆ ಮಾಡಿದ್ದು ಅದು, ಹಾಡು ಕೇಳಲಿಕ್ಕಲ್ಲ. ರೇಡಿಯೋ ಕಾಲಕ್ಕೆ ತಂತಿಯ ಬದಲು ಇಂಗಾಲದ ಪಟ್ಟಿ ಬಂತು. ಪಟ್ಟಿಯ ಮೇಲೆ ಒಂದು ಲೋಹದ ನಾಲಿಗೆ ಜಾರುತ್ತದೆ. ನಾಲಿಗೆ ಎಲ್ಲಿ ನಿಂತಿದೆಯೋ ಅದರ ಲೆಕ್ಕದಲ್ಲಿ ಸಿಗ್ನಲ್ಲಿನ ಒಂದು ಪಾಲು ಮುಂದಕ್ಕೆ, ಮಿಕ್ಕದ್ದು ನೆಲಕ್ಕೆ.

ನಮ್ಮ ಕಡೆಯವರಿಗೆ ಇದನ್ನು ಹೇಳಲು ಬೇರೆ ಉದಾಹರಣೆ ಬೇಕಾಗಿಲ್ಲ. ಇದು ಕಾಲುವೆಯ ತೂಬು. ಮೇಲಿಂದ ಬಂದ ನೀರಿನಲ್ಲಿ ಹೊಲಕ್ಕೆ ಬೇಕಾದಷ್ಟು ಬಿಟ್ಟು ಉಳಿದದ್ದನ್ನು ಹಳ್ಳಕ್ಕೆ ಹರಿಸುತ್ತದೆ. ತೂಬು ನೀರು ಹುಟ್ಟಿಸುವುದಿಲ್ಲ. ಹುಟ್ಟಿಸಲು ಆಗುವುದೂ ಇಲ್ಲ.

ಆ ಪಟ್ಟಿಯಲ್ಲಿ ಇನ್ನೊಂದು ಜಾಣತನ ಇತ್ತು. ನಮ್ಮ ಕಿವಿ ಲೆಕ್ಕ ಹಾಕುವುದು ಕೂಡುವ ಹಾಗಲ್ಲ, ಗುಣಿಸುವ ಹಾಗೆ. ಸದ್ದು ಎರಡರಷ್ಟು ಅನ್ನಿಸಬೇಕಾದರೆ ಶಕ್ತಿ ಹೆಚ್ಚುಕಮ್ಮಿ ಹತ್ತರಷ್ಟು ಬೇಕು. ೧೯೨೦ರ ದಶಕದಲ್ಲಿ ಬೆಲ್ ಕಂಪನಿಯ ಟೆಲಿಫೋನ್ ಎಂಜಿನಿಯರುಗಳು 'ಡೆಸಿಬೆಲ್' ಅನ್ನುವ ಅಳತೆ ತಂದದ್ದೂ ಇಂಥ ಲೆಕ್ಕ ಸುಲಭವಾಗಲಿ ಅಂತ. ಅದಕ್ಕೇ ವಾಲ್ಯೂಮಿನ ಪಾಟ್ 'ಲಾಗ್' ನಮೂನೆಯದು. ತಿರುಪು ಅರ್ಧ ತಿರುಗಿದಾಗ ಸಿಗ್ನಲ್ ಅರ್ಧ ಇರುವುದಿಲ್ಲ, ಹತ್ತರಲ್ಲಿ ಒಂದು ಪಾಲಿನ ಹತ್ತಿರ ಇರುತ್ತದೆ. ಕಿವಿಗೆ ಮಾತ್ರ ಅದು ಸಮನಾಗಿ ಏರಿದ ಹಾಗೆ ಕೇಳುತ್ತದೆ.

ಮುಖ್ಯವಾದ ಮಾತು ಈಗ ಬಂತು. ವಾಲ್ವ್ ರೇಡಿಯೋದಲ್ಲಿ ಈ ತಿರುಪು ಡಿಟೆಕ್ಟರಿಗೂ ಅದರ ಮುಂದಿನ ವಾಲ್ವಿಗೂ ನಡುವೆ, ಯಾವ ಸಹಾಯವೂ ಇಲ್ಲದೆ ಒಂಟಿಯಾಗಿ ಕೂತಿರುತ್ತಿತ್ತು. ಅಂದರೆ ಪಕ್ಕಾ ಪ್ಯಾಸಿವ್. ಸಾಮಾನ್ಯವಾಗಿ ಅರ್ಧ ಅಥವಾ ಒಂದು ಮೆಗಾ ಓಂ ಪಾಟ್. ಅಷ್ಟು ದೊಡ್ಡ ಪಾಟ್ ಹಾಕಿದರೂ ತೊಂದರೆ ಇರಲಿಲ್ಲ, ಯಾಕೆಂದರೆ ಅಲ್ಲಿಂದ ವಾಲ್ವಿಗೆ ಹೋಗುವ ತಂತಿ ಕೆಲವೇ ಇಂಚು ಉದ್ದ.

ನಡುವೆ ತಿರುಪಿಗೆ ಜತೆ ಬಂತು

೧೯೪೮ರಲ್ಲಿ ಎಲ್‌ಪಿ ತಟ್ಟೆ ಬಂತು. ಹೈ-ಫೈ ಅನ್ನುವ ಹವ್ಯಾಸ ಬೆಳೆದದ್ದು ಅದರ ಜತೆಗೇ. ಎಲ್‌ಪಿಯ ಮ್ಯಾಗ್ನೆಟಿಕ್ ಕಾರ್ಟ್ರಿಜ್ ಕೊಡುವುದು ಸುಮಾರು ೫ ಮಿಲಿವೋಲ್ಟ್, ಅಂದರೆ ವೋಲ್ಟಿನ ಇನ್ನೂರನೇ ಒಂದು ಪಾಲು. ಜತೆಗೆ ತಟ್ಟೆ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಹೆಚ್ಚಿಸಿರುತ್ತಾರೆ. ಕೇಳುವಾಗ ಅದನ್ನು ಉಲ್ಟಾ ಮಾಡಬೇಕು. ಇದಕ್ಕೆ ಆರ್‌ಐಎಎ ಅನ್ನುವ ಒಂದೇ ನಿಯಮ ೧೯೫೪ರ ಹೊತ್ತಿಗೆ ಬಂತು. ಇಷ್ಟೆಲ್ಲ ಕೆಲಸಕ್ಕೆ ಪವರ್ ಆಂಪ್ಲಿಫೈಯರಿನ ಮುಂದೆ ಇನ್ನೊಂದು ಆಂಪ್ಲಿಫೈಯರ್ ಬೇಕೇ ಬೇಕು. ಅದೇ ಪ್ರೀ-ಆಂಪ್. ತಿರುಪು ಅದರೊಳಗೆ ಸೇರಿಕೊಂಡಿತು, ಹಿಂದೊಂದು ಆಂಪ್, ಮುಂದೊಂದು ಆಂಪ್. ಕಾಲುವೆಯಲ್ಲಿ ನೀರೇ ಇಲ್ಲದಾಗ ಪಂಪು ಇಡಲೇಬೇಕಲ್ಲ!

ಆಮೇಲೆ ೧೯೮೨ರಲ್ಲಿ ಸಿಡಿ ಬಂತು. ಇದು ಕೊಡುವುದು ೫ ಮಿಲಿವೋಲ್ಟ್ ಅಲ್ಲ, ೨ ವೋಲ್ಟ್. ಸುಮಾರು ೧ ವೋಲ್ಟ್ ಸಿಕ್ಕರೆ ಸಾಕು, ಎಷ್ಟೋ ಪವರ್ ಆಂಪ್‌ಗಳು ಪೂರ್ತಿ ಜೋರಾಗಿ ಕೂಗುತ್ತವೆ. ಅಂದರೆ ನೀರು ಬೇಕಾದ್ದಕ್ಕಿಂತ ಜಾಸ್ತಿ ಆಯಿತು. ಮನೆಯಲ್ಲಿ ಮೆಲ್ಲಗೆ ಕೇಳುವಾಗ ೪೦ ಡೆಸಿಬೆಲ್ ಇಳಿಸುತ್ತೇವೆ ಅಂತಿಟ್ಟುಕೊಳ್ಳಿ. ಎರಡು ವೋಲ್ಟಿನಲ್ಲಿ ೨೦ ಮಿಲಿವೋಲ್ಟ್ ಮಾತ್ರ ಮುಂದೆ ಹೋಗುತ್ತದೆ, ನೂರಕ್ಕೆ ತೊಂಬತ್ತೊಂಬತ್ತು ನೆಲದ ಪಾಲು. ಹೀಗೆ ಚೆಲ್ಲುವ ನೀರಿಗೆ ಪಂಪು ಯಾಕೆ ಅಂತ ಕೆಲವರು ಕೇಳಿದರು. ೧೯೮೦ರ ದಶಕದಲ್ಲೇ ಅಮೆರಿಕದ ಮಾಡ್ ಸ್ಕ್ವಾಡ್ ಅನ್ನುವ ಕಂಪನಿ 'ಲೈನ್ ಡ್ರೈವ್' ಹೆಸರಿನ ಪ್ಯಾಸಿವ್ ಡಬ್ಬಿ ಮಾರಿತು. ಅಜ್ಜನ ರೇಡಿಯೋದ ಕಿವಿ ಬೇರೆ ವೇಷದಲ್ಲಿ ವಾಪಸು ಬಂದಿತ್ತು.

ಕಾಲುವೆಯ ಕೊನೆಯ ಹೊಲ

ಆದರೆ ವಾಪಸು ಬಂದವನಿಗೆ ಮನೆ ಬದಲಾಗಿತ್ತು. ರೇಡಿಯೋದಲ್ಲಿ ಕೆಲವೇ ಇಂಚು ಇದ್ದ ತಂತಿ ಈಗ ಮೀಟರುಗಟ್ಟಲೆ ಕೇಬಲ್ ಆಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರನ್ನು ಮಾನ್ವಿಯಲ್ಲಿ ಕೇಳಿ ನೋಡಿ. ಕಾಲುವೆ ಇರುವುದು ಬೇರೆ, ನೀರು ಮುಟ್ಟುವುದು ಬೇರೆ. ಇಲ್ಲೂ ಅದೇ ಕತೆ. ಕೇಬಲ್ಲಿಗೆ ಮೀಟರಿಗೆ ಸುಮಾರು ೧೦೦ ಪಿಕೋಫ್ಯಾರಡ್ ಕೆಪ್ಯಾಸಿಟೆನ್ಸ್ ಇರುತ್ತದೆ. ಪಾಟ್‌ನ ಔಟ್‌ಪುಟ್ ಕಡೆಯ ತಡೆ, ಸಿಗ್ನಲ್ ಅರ್ಧಕ್ಕೆ ಇಳಿದಾಗ, ಪಾಟ್‌ನ ಬೆಲೆಯ ಕಾಲು ಭಾಗದಷ್ಟು ಆಗುತ್ತದೆ. ಇವೆರಡೂ ಸೇರಿ ತಾರದ ಸ್ವರಗಳನ್ನು ನುಂಗುತ್ತವೆ.

ಐದು ಮೀಟರ್ ಕೇಬಲ್ ಹಿಡಿದು ಲೆಕ್ಕ ಹಾಕೋಣ, ೫೦೦ ಪಿಕೋಫ್ಯಾರಡ್:

೧೦ ಕಿಲೋ ಓಂ ಪಾಟ್ ಆದರೆ ಸುಮಾರು ೧,೨೭,೦೦೦ ಹರ್ಟ್ಜ್‌ನಲ್ಲಿ ೩ ಡೆಸಿಬೆಲ್ ಕುಸಿತ. ಮನುಷ್ಯರ ಕಿವಿ ಕೇಳುವುದು ೨೦,೦೦೦ದವರೆಗೆ ಮಾತ್ರ, ಚಿಂತೆಯಿಲ್ಲ.

೧೦೦ ಕಿಲೋ ಓಂ ಆದರೆ ೧೨,೭೦೦ಕ್ಕೇ ಆ ಕುಸಿತ. ಹೊಳಪು ಕಮ್ಮಿ.

ಹಳೇ ರೇಡಿಯೋದ ಅರ್ಧ ಮೆಗಾ ಓಂ ಪಾಟ್ ಹಾಗೇ ತಂದು ಹಾಕಿದರೆ ೨,೫೦೦ ಹರ್ಟ್ಜ್ ಹತ್ತಿರವೇ. ದಾಸರ ಪದದ ತಾಳದ ಕಿಣಿಕಿಣಿ, ಗೆಜ್ಜೆಯ ಝಲಕು ಎರಡೂ ಮಾಯ!

'ಪ್ಯಾಸಿವ್ ಹಾಕಿದರೆ ಸದ್ದು ಸತ್ತ ಹಾಗೆ ಆಗುತ್ತೆ' ಅನ್ನುವವರೂ ಇದ್ದಾರೆ, 'ಪರದೆ ಸರಿಸಿದ ಹಾಗೆ ಆಗುತ್ತೆ' ಅನ್ನುವವರೂ ಇದ್ದಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರವರ ಕೇಬಲ್, ಪಾಟ್ ಬೇರೆ ಬೇರೆ, ಅಷ್ಟೇ. ಹಾಗಾಗಿ ನಿಯಮ ಸರಳ. ಕೇಬಲ್ ಒಂದು ಮೀಟರ್ ಆಸುಪಾಸು ಇರಲಿ. ಪಾಟ್ ೧೦ ಕಿಲೋ ಓಂ ಹತ್ತಿರ ಇರಲಿ. ಅದನ್ನು ಎಳೆಯುವ ತಾಕತ್ತು ಪ್ಲೇಯರಿಗೆ ಇರಲಿ (ಈಗಿನ ಸಿಡಿ ಪ್ಲೇಯರು, ಡ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಕೆಲವು ವಾಲ್ವ್ ಉಪಕರಣಗಳಲ್ಲಿ ಇರುವುದಿಲ್ಲ). ಪವರ್ ಆಂಪ್‌ನ ಇನ್‌ಪುಟ್ ತಡೆ ಪಾಟ್‌ಗಿಂತ ಸಾಕಷ್ಟು ದೊಡ್ಡದಿರಲಿ. ಇವು ಹೊಂದದಿದ್ದರೆ ಬಲ ಹೆಚ್ಚಿಸದೆ ಬರೀ ದಾರಿ ಸುಗಮ ಮಾಡುವ ಬಫರ್ ಹಾಕಬಹುದು. ಅಮೆರಿಕದ ನೆಲ್ಸನ್ ಪಾಸ್ ೨೦೦೮ರಲ್ಲಿ ಪ್ರಕಟಿಸಿದ 'ಬಿ-೧' ಇಂಥದ್ದೇ. ವಿನ್ಯಾಸ ಬಹಿರಂಗ ಮಾಡಿದ್ದರಿಂದ ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಂಡರು.

ನನಗೆ ಯಾಕೆ ಬೇಕಾಯಿತು

ನಾನು ಪ್ಯಾಸಿವ್ ಕಡೆ ಹೋದದ್ದು ಸಿದ್ಧಾಂತಕ್ಕಾಗಿ ಅಲ್ಲ, ಕರೆಂಟಿಗಾಗಿ. ಪಕ್ಕದ ಶಕ್ತಿನಗರದಲ್ಲಿ ೧೯೮೫ರಿಂದ ವಿದ್ಯುತ್ ಹುಟ್ಟುತ್ತಿದೆ, ಆದರೂ ನಮ್ಮ ಓಣಿಯಲ್ಲಿ ಅದು ಹೋಗುವುದೂ ಬರುವುದೂ ತಪ್ಪಲಿಲ್ಲ. ನನ್ನ ಹತ್ತಿರ ಇದ್ದ ಪ್ರೀ-ಆಂಪ್ ಕರೆಂಟ್ ಹೋಗಿ ಬಂದಾಗಲೆಲ್ಲ ಸ್ಪೀಕರಿಗೆ 'ಢಬ್' ಅಂತ ಒಂದು ಗುದ್ದು ಕೊಡುತ್ತಿತ್ತು. ಒಂದು ಬೇಸಿಗೆಯಲ್ಲಿ ಎಡಗಡೆಯ ಟ್ವೀಟರ್ ಸುಟ್ಟೇ ಹೋಯಿತು. ಕರೆಂಟೇ ಬೇಡದ ಡಬ್ಬಿ ಎಂದೂ ಗುದ್ದುವುದಿಲ್ಲ.

ಎರಡನೇ ಕಾರಣ ರಾತ್ರಿ. ನಾನು ಹಾಡು ಕೇಳುವುದು ಮನೆಯವರೆಲ್ಲ ಮಲಗಿದ ಮೇಲೆ. ತಿರುಪು ತಳದ ಹತ್ತಿರ ಇದ್ದಾಗ ಅಗ್ಗದ ಸ್ಟೀರಿಯೋ ಪಾಟ್‌ನ ಎರಡು ಪಟ್ಟಿಗಳೂ ಒಂದೇ ಸಮ ನಡೆಯುವುದಿಲ್ಲ. ತಂಬೂರಿ ಎಡಕ್ಕೆ ವಾಲುತ್ತದೆ, ಹಾಡುವವರು ಬಲಕ್ಕೆ ಜರುಗುತ್ತಾರೆ. ಇದು ಪ್ರೀ-ಆಂಪ್‌ನಲ್ಲೂ ಆಗುವಂಥದ್ದೇ, ತಿರುಪಿನ ಗುಣ ಅದು. ಇದಕ್ಕೆ ಮದ್ದು ಇಂಗಾಲದ ಪಟ್ಟಿಯ ಬದಲು ಒಂದೊಂದು ಮೆಟ್ಟಿಲಿಗೂ ಬೇರೆ ರೆಸಿಸ್ಟರ್ ಇರುವ ಸ್ವಿಚ್. ನಾನು ೨೪ ಮೆಟ್ಟಿಲಿನದು ಹಾಕಿದ್ದೇನೆ. 'ಟಕ್ ಟಕ್' ಅಂತ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಕೊನೆಯ ಎರಡು ಮೆಟ್ಟಿಲಲ್ಲೂ ಹಾಡುವವರು ನಡುವೆಯೇ ಕೂತಿರುತ್ತಾರೆ. ಧೂಳಿಗೆ ಇಂಗಾಲದ ಪಟ್ಟಿ ಕರಕರ ಅನ್ನುತ್ತದಲ್ಲ, ಆ ಕಾಟವೂ ಇಲ್ಲ.

ರಾತ್ರಿಯ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ಶಬ್ದ ಮಾಲಿನ್ಯದ ನಿಯಮಗಳು ಬಂದದ್ದು ೨೦೦೦ದಲ್ಲಿ. ಜನವಸತಿಯಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸಾರ್ವಜನಿಕ ಸ್ಥಳದಲ್ಲಿ ಧ್ವನಿವರ್ಧಕ ಸುಮ್ಮನಿರಬೇಕು, ಕೆಲವು ವಿನಾಯಿತಿ ಬಿಟ್ಟು. ಡಿಜೆ ಗಾಡಿ ಓಣಿಯಲ್ಲಿ ಹಾದಾಗ ಕಿಟಕಿ ಗಾಜು ನಡುಗುವುದನ್ನು ನೋಡಿದವರಿಗೆ ಈ ನಿಯಮ ಎಷ್ಟು ದೂರ ಅಂತ ಗೊತ್ತು. ನೂರು ವರ್ಷದಲ್ಲಿ ನಾವು ಸದ್ದು ಹೆಚ್ಚಿಸುವುದನ್ನು ಭಾಳ ಚೆಂದ ಕಲಿತೆವು. ತಗ್ಗಿಸುವುದನ್ನು ಯಾರೂ ಕಲಿಸಲಿಲ್ಲ.

ರಾಯಚೂರಿನ ರಂಗಮಂದಿರಕ್ಕೆ ವಚನ ಗಾಯನಕ್ಕೆ ಹೆಸರಾದ ಪಂಡಿತ್ ಸಿದ್ದರಾಮ ಜಂಬಲದಿನ್ನಿಯವರ ಹೆಸರಿಟ್ಟಿದ್ದೇವೆ. ಅಂಥ ಗಾಯನದಲ್ಲಿ ಜೀವ ಇರುವುದು ಜೋರಿನಲ್ಲಲ್ಲ, ಎರಡು ಸಾಲಿನ ನಡುವೆ ಎಳೆದ ಉಸಿರಿನಲ್ಲಿ, ತಂಬೂರಿ ಒಂದೇ ಮಿಡಿಯುವ ಗಳಿಗೆಯಲ್ಲಿ. ಅದು ಕೇಳಬೇಕಾದರೆ ಮನೆ ಸುಮ್ಮನಿರಬೇಕು, ಉಪಕರಣವೂ ಸುಮ್ಮನಿರಬೇಕು. ಪ್ಯಾಸಿವ್ ತಿರುಪಿನ ದೊಡ್ಡ ಗುಣ ನನ್ನ ಪಾಲಿಗೆ ಇದೇ. ಅದಕ್ಕೆ ತನ್ನದೇ ಆದ ಮಾತು ಕಮ್ಮಿ. ಜಾಸ್ತಿ ಬಂದದ್ದನ್ನು ನೆಲಕ್ಕೆ ಬಿಟ್ಟು, ಬೇಕಾದ್ದನ್ನು ಮಾತ್ರ ಮುಂದೆ ಕಳಿಸುತ್ತದೆ.

ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ವಾಲ್ವ್ ರೇಡಿಯೋ ಇದ್ದರೆ ಗುಜರಿಗೆ ಹಾಕುವ ಮುಂಚೆ ಒಮ್ಮೆ ಧೂಳು ಒರೆಸಿ (ಪ್ಲಗ್ಗಿಗೆ ಹಾಕಬೇಡಿ, ಹಳೇ ಕೆಪ್ಯಾಸಿಟರುಗಳು ಅಪಾಯ). ಅವಾಜಿನ ತಿರುಪು ಮೆಲ್ಲಗೆ ತಿರುಗಿಸಿ ನೋಡಿ. ಕೊನೆಗೆ ಆ 'ಟಕ್' ಇನ್ನೂ ಇದ್ದರೆ ನನಗೂ ಒಂದು ಮಾತು ತಿಳಿಸಿ. ನಿಮ್ಮ ಊರಲ್ಲಿ ಅದಕ್ಕೆ ಏನಂತಿದ್ದರು ಅನ್ನುವುದನ್ನೂ ಬರೆಯಿರಿ.