ಎದೆಹಾಲಿನ ಕೂಸಿನ ಸಂತೈಕೆ: ಹೈದರಾಬಾದ್ ಸೀಮೆಯಲ್ಲಿ ತೊಟ್ಟಿಲಿನಿಂದ ಚೂಸ್ನಿಯವರೆಗೆ

ಎದೆಹಾಲು ಕುಡಿಯುವ ಕೂಸು ಹಸಿವಿಲ್ಲದಾಗಲೂ ಅಳುತ್ತದೆ. ಆಗ ಅದನ್ನು ಸುಮ್ಮನಾಗಿಸಲು, ನಿದ್ದೆ ಹತ್ತಿಸಲು ಮನೆಯವರು ಹೂಡುವ ಉಪಾಯಗಳಿಗೆಲ್ಲ ಒಟ್ಟಾಗಿ ಸಂತೈಕೆ ಎನ್ನಬಹುದು. ತೊಟ್ಟಿಲು, ಜೋಗುಳ, ಎಣ್ಣೆನೀರು, ಅಜ್ಜಿಯ ಹೆಗಲು, ಹಾಲು ಮುಗಿದ ಮೇಲೂ ಬಾಯಲ್ಲಿರುವ ತಾಯಿಯ ಎದೆ, ಕೂಸಿನದೇ ಹೆಬ್ಬೆರಳು ಇವೆಲ್ಲ ಹಳೆಯವು. ರಬ್ಬರಿನ ಅಥವಾ ಸಿಲಿಕೋನಿನ ಪ್ಯಾಸಿಫೈಯರ್ ಹೊಸದು. ಹೈದರಾಬಾದಿನ ಉರ್ದು ಮನೆಗಳಲ್ಲಿ ಅದು ಚೂಸ್ನಿ, ತೆಲುಗು ಮನೆಗಳಲ್ಲಿ ಪಾಲಪೀಕ, ಕನ್ನಡ ಮನೆಗಳಲ್ಲಿ ಬರೇ ನಿಪ್ಪಲ್. ಇಂದಿನ ಬೀದರ, ಕಲಬುರಗಿ, ರಾಯಚೂರು, ಕೊಪ್ಪಳ ಜಿಲ್ಲೆಗಳು ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಬಾಣಂತನದ ರೂಢಿಗಳು ಈ ಗಡಿಯ ಎರಡೂ ಕಡೆ ಇಂದಿಗೂ ಬೆರೆತೇ ಇರುವುದರಿಂದ ಇಲ್ಲಿ ನಗರವನ್ನೂ ಆ ಸೀಮೆಯನ್ನೂ ಕೂಡಿಸಿ ನೋಡಿದೆ.

ಚೀಪುವುದು ಕೂಸಿಗೆ ಹುಟ್ಟುಗುಣ. ಗರ್ಭದಲ್ಲಿರುವಾಗಲೇ ಅದು ಹೆಬ್ಬೆರಳು ಚೀಪುವುದು ಸ್ಕ್ಯಾನಿನಲ್ಲಿ ಕಾಣುತ್ತದೆ. ಹಾಲಿಗಾಗಿ ಚೀಪುವಾಗ ಸೆಕೆಂಡಿಗೆ ಸುಮಾರು ಒಂದು ಸಲ ದವಡೆ ಆಡುತ್ತದೆ. ಬರೀ ಸಮಾಧಾನಕ್ಕಾಗಿ ಚೀಪುವಾಗ ಆ ವೇಗ ಸುಮಾರು ಎರಡು ಸಲಕ್ಕೆ ಏರುತ್ತದೆ. ಎರಡನೆಯ ಬಗೆಯ ಚೀಪುವಿಕೆಯಿಂದ ಕೂಸಿನ ಉದ್ವೇಗ ಇಳಿಯುತ್ತದೆ, ನೋವು ತಡೆಯುವ ಶಕ್ತಿಯೂ ಬರುತ್ತದೆ.

ಭಾಗವತದ ಹನ್ನೆರಡನೆಯ ಸ್ಕಂಧದಲ್ಲಿ ಪ್ರಳಯದ ನೀರಿನ ಮೇಲೆ ಆಲದೆಲೆಯಲ್ಲಿ ಮಲಗಿ ತನ್ನ ಕಾಲಬೆರಳನ್ನೇ ಚೀಪುವ ಶಿಶುವನ್ನು ಮಾರ್ಕಂಡೇಯ ಕಾಣುತ್ತಾನೆ. ಆ ವಟಪತ್ರಶಾಯಿಯ ಚಿತ್ರ ದಕ್ಷಿಣದ ದೇವರಕೋಣೆಗಳಲ್ಲೆಲ್ಲ ಇದೆ; ತನ್ನನ್ನು ತಾನೇ ಸಂತೈಸಿಕೊಳ್ಳುವ ಕೂಸಿನ ಇಷ್ಟು ಹಳೆಯ, ಇಷ್ಟು ಪ್ರೀತಿಯ ಚಿತ್ರಣ ಬೇರೆ ಸಿಗುವುದು ಕಷ್ಟ. ಚರಕಸಂಹಿತೆಯ ಶಾರೀರಸ್ಥಾನ ಇನ್ನೂ ನೇರವಾಗಿ ಮಾತಾಡುತ್ತದೆ. ಮಗುವಿನ ಆಟಿಕೆ ಬಣ್ಣದ್ದಾಗಿರಬೇಕು, ಸದ್ದು ಮಾಡಬೇಕು, ಹಗುರವಾಗಿರಬೇಕು. ಮೊನಚಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು ಎಂದು ಅದು ವಿಧಿಸುತ್ತದೆ. ಅಳುವ ಮಗುವನ್ನು ರಾಕ್ಷಸ, ಪಿಶಾಚಿಗಳ ಹೆಸರು ಹೇಳಿ ಹೆದರಿಸಬಾರದು ಎಂಬುದೂ ಅಲ್ಲಿದೆ. ಗುಮ್ಮನನ್ನು ಕರೆಯುವ ನಮ್ಮ ರೂಢಿಗೆ ಇಷ್ಟು ಹಿಂದೆಯೇ ವೈದ್ಯನೊಬ್ಬ ಬೇಡ ಎಂದಿದ್ದ.

ಮನೆಯ ಉಪಾಯಗಳು

ದಖ್ಖನ್ನಿನ ಮನೆಗಳಲ್ಲಿ ಸಂತೈಕೆಯ ಮೊದಲ ಸಾಧನ ತೂಗು. ಉಳ್ಳವರಿಗೆ ಮರದ ತೊಟ್ಟಿಲು. ಕಲಘಟಗಿಯ ಬಣ್ಣದ ತೊಟ್ಟಿಲು ಉತ್ತರ ಕರ್ನಾಟಕದಲ್ಲೆಲ್ಲ ಹೆಸರಾದದ್ದು. ಹೊಲಕ್ಕೆ ಹೋಗುವವಳಿಗೆ ಹಳೆಯ ಸೀರೆಯ ಜೋಳಿಗೆ ಸಾಕು; ಬೇವಿನ ಕೊಂಬೆಯಲ್ಲೋ ಬಂಡಿಯ ಕೆಳಗೋ ಅದನ್ನು ಕಟ್ಟುತ್ತಿದ್ದಳು. ತೂಗಿಗೆ ಹಾಡು ಜೊತೆಯಾಗುತ್ತಿತ್ತು. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದಲ್ಲಿ ಕೂಸಿನ ಮೇಲಿನ ತ್ರಿಪದಿಗಳಿಗೆ ದೊಡ್ಡ ಜಾಗವಿದೆ. ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ದಖನಿ ಭಾಷೆಯ ಚಕ್ಕಿನಾಮಾಗಳ ಜೊತೆಗೆ ಲೋರಿನಾಮಾಗಳೂ ಹುಟ್ಟಿದವು. ಬೀಸುವಾಗ, ತೂಗುವಾಗ ಹೆಂಗಸರು ಹಾಡುತ್ತಿದ್ದ ಈ ಪದಗಳ ಮೂಲಕವೇ ಸೂಫಿ ಚಿಂತನೆ ಸಾಮಾನ್ಯರ ಮನೆ ಹೊಕ್ಕಿತೆಂದು ಇತಿಹಾಸಕಾರ ರಿಚರ್ಡ್ ಈಟನ್ ತೋರಿಸಿದ್ದಾರೆ. ದಖ್ಖನ್ನಿನ ಮುಸ್ಲಿಮರ ಆಚರಣೆಗಳನ್ನು ಕುರಿತು ಜಾಫರ್ ಶರೀಫ್ ಬರೆದು ಹರ್ಕ್‌ಲಾಟ್ಸ್ ಇಂಗ್ಲಿಷಿಗೆ ತಂದ ‘ಕಾನೂನ್-ಎ-ಇಸ್ಲಾಂ’ (1832) ಗ್ರಂಥವೂ ಹೆರಿಗೆಯ ನಂತರದ ಶಾಸ್ತ್ರಗಳನ್ನು ವಿವರವಾಗಿ ದಾಖಲಿಸುತ್ತದೆ.

ಎರಡನೆಯದು ಎರೆಯುವುದು. ಕಾಲು ಚಾಚಿ ಕುಳಿತ ಹಿರಿಯಳು ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ಬಿಸಿನೀರು ಎರೆದರೆ ಅದು ಗಂಟೆಗಟ್ಟಲೆ ನಿದ್ದೆ ಹೋಗುತ್ತದೆ. ಇದರಲ್ಲಿ ಕೆಡುಕಿಲ್ಲ. ಆಮೇಲೆ ಹಾಕುವ ಲೋಬಾನದ ಹೊಗೆ ಮಾತ್ರ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬಜೆ, ಜಾಯಿಕಾಯಿ, ಅಳಲೆಕಾಯಿಗಳನ್ನು ತಾಯಿಯ ಹಾಲಿನಲ್ಲಿ ತೇಯ್ದು ನೆಕ್ಕಿಸುವುದು, ಬಜೆಯ ತುಂಡು ಪೋಣಿಸಿದ ಬಳೆ ತೊಡಿಸುವುದು, ಮುಸ್ಲಿಂ ಮನೆಗಳಲ್ಲಿ ಅಗಿದ ಖರ್ಜೂರವನ್ನು ಹಸುಗೂಸಿನ ಅಂಗುಳಿಗೆ ಸವರುವುದು ಇವೂ ಈ ಸೀಮೆಯ ರೂಢಿಗಳೇ. ಆರು ತಿಂಗಳು ಎದೆಹಾಲಲ್ಲದೆ ಬೇರೇನೂ ಬೇಡ ಎಂಬ ಇಂದಿನ ವೈದ್ಯಕೀಯ ಸಲಹೆಗೂ ಇವಕ್ಕೂ ಹೊಂದಿಕೆಯಿಲ್ಲ.

ಅತ್ಯಂತ ಕೆಟ್ಟ ಉಪಾಯ ಅಫೀಮು. ಗಿರಣಿಗೆ, ಕೂಲಿಗೆ ಹೋಗುವ ತಾಯಂದಿರು ಕೂಸನ್ನು ಮಲಗಿಸಲು ಅಫೀಮಿನ ಬಾಲಗೋಲಿ ಕೊಡುತ್ತಿದ್ದ ಸಂಗತಿ ಮುಂಬಯಿಯಲ್ಲಿ ಕುಖ್ಯಾತವಾಗಿತ್ತು. 1931ರಲ್ಲಿ ವರದಿ ಕೊಟ್ಟ ಕಾರ್ಮಿಕರ ಕುರಿತ ರಾಯಲ್ ಕಮಿಷನ್ ಕೂಡ ಇದನ್ನು ಗಮನಿಸಿತು. ಬಾಲಗೋಲಿಯನ್ನು ಬರೀ ಅಜ್ಞಾನದ ಲೆಕ್ಕಕ್ಕೆ ಹಾಕುವುದು ಅನ್ಯಾಯ. ಕೂಸನ್ನು ಎತ್ತಿಕೊಳ್ಳಲು ಮನೆಯಲ್ಲಿ ಇನ್ನೊಂದು ಕೈ ಇಲ್ಲದವಳು ಹಿಡಿದ ದಾರಿ ಅದು. ಬ್ರಿಟನ್ನಿನಲ್ಲಿ 1851ರಲ್ಲಿ ವಿಲಿಯಂ ವುಡ್‌ವರ್ಡ್ ತಯಾರಿಸಿದ ಗ್ರೈಪ್ ವಾಟರ್‌ನಲ್ಲಿ ಬಹುಕಾಲ ಮದ್ಯಸಾರವಿತ್ತು. ಭಾರತದ ಮಧ್ಯಮವರ್ಗದ ಕಪಾಟಿನಲ್ಲಿ ಅದು ತಲೆಮಾರುಗಳ ಕಾಲ ನೆಲೆಸಿತು.

ಚೂಸ್ನಿ ಬಂದ ಬಗೆ

ಯುರೋಪಿನಲ್ಲಿ ಸಕ್ಕರೆ ಅಥವಾ ರೊಟ್ಟಿಚೂರು ಕಟ್ಟಿದ ಬಟ್ಟೆಗಂಟನ್ನು ಕೂಸಿನ ಬಾಯಿಗಿಡುತ್ತಿದ್ದರು. ಆಲ್‌ಬ್ರೆಖ್ಟ್ ಡ್ಯೂರರ್ 1506ರಲ್ಲಿ ಬರೆದ ಮಡೋನಾ ಚಿತ್ರದಲ್ಲಿ ಬಾಲಯೇಸುವಿನ ಕೈಯಲ್ಲಿ ಅಂಥದೊಂದು ಗಂಟಿದೆ. ಗುರಾಣಿಯಂಥ ತಟ್ಟೆ, ಹಿಡಿಕೆ, ರಬ್ಬರ್ ತೊಟ್ಟು ಕೂಡಿದ ಇಂದಿನ ಆಕಾರಕ್ಕೆ ಅಮೆರಿಕದ ಕ್ರಿಶ್ಚಿಯನ್ ಮೈನೆಕೆ 1900ರಲ್ಲಿ ಪೇಟೆಂಟ್ ಪಡೆದ.

ಹೈದರಾಬಾದಿನಲ್ಲಿ ಶಿಶುವೈದ್ಯಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ನಿಲೋಫರ್ ಆಸ್ಪತ್ರೆಯಿಂದ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಸೊಸೆ ರಾಜಕುಮಾರಿ ನಿಲೋಫರ್ ತನ್ನ ದಾಸಿ ಹೆರಿಗೆಯಲ್ಲಿ ಸತ್ತ ನೋವಿನಿಂದ ಪಟ್ಟುಹಿಡಿದು ಮಾಡಿಸಿದ ಈ ಆಸ್ಪತ್ರೆ 1953ರಲ್ಲಿ ತೆರೆಯಿತು. 1918ರಲ್ಲಿ ಕೂನೂರಿನಲ್ಲಿ ಮ್ಯಾಕ್‌ಕ್ಯಾರಿಸನ್ ಶುರುಮಾಡಿದ ಪೋಷಣಾ ಸಂಶೋಧನಾಲಯ 1950ರ ದಶಕದ ಕೊನೆಗೆ ಹೈದರಾಬಾದಿಗೆ ಬಂದು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ಅದನ್ನು ಕಟ್ಟಿ ಬೆಳೆಸಿದ ಸಿ. ಗೋಪಾಲನ್ 1958ರಲ್ಲಿ ಪ್ರಕಟಿಸಿದ ಅಧ್ಯಯನ ಈ ಇತಿಹಾಸದಲ್ಲಿ ಮುಖ್ಯ: ಅರೆಹೊಟ್ಟೆಯ ಬಡ ತಾಯಂದಿರೂ ತಿಂಗಳುಗಟ್ಟಲೆ ಹಾಲೂಡಬಲ್ಲರು ಎಂಬುದು ಅದರಿಂದ ತಿಳಿಯಿತು. ‘ನಿನ್ನ ಹಾಲು ಸಾಲದು, ಅದಕ್ಕೇ ಅಳುತ್ತದೆ’ ಎಂಬ ಸುಲಭದ ತೀರ್ಪಿಗೆ ಅದು ಉತ್ತರವಾಗಿತ್ತು.

ಡಬ್ಬಿಹಾಲಿನ ಪ್ರಚಾರಕ್ಕೆ ತಡೆ ಹಾಕಲು ವಿಶ್ವ ಆರೋಗ್ಯ ಸಭೆ 1981ರಲ್ಲಿ ಸಂಹಿತೆ ಒಪ್ಪಿತು. ಭಾರತ 1983ರಲ್ಲಿ ತನ್ನದೇ ಸಂಹಿತೆಯನ್ನೂ 1992ರಲ್ಲಿ ಕಾಯ್ದೆಯನ್ನೂ ತಂದಿತು. ಹಾಲಿನ ಬಾಟಲಿ ಮತ್ತು ಅದರ ನಿಪ್ಪಲ್ ಆ ಕಾಯ್ದೆಯ ಹಿಡಿತದಲ್ಲಿವೆ, ಬರಿದೇ ಚೀಪುವ ಚೂಸ್ನಿ ಅದರ ವ್ಯಾಖ್ಯೆಯೊಳಗಿಲ್ಲ. ಅದನ್ನು ಬೇಡವೆಂದದ್ದು ಆಸ್ಪತ್ರೆಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಹೇಳಿದ ಹತ್ತು ಸೂತ್ರಗಳಲ್ಲಿ ಒಂಬತ್ತನೆಯದು. ಕಾರಣ ಸರಳ: ತಾಯಿಯ ದೇಹ ಹಾಲು ತಯಾರಿಸುವುದು ಕೂಸು ಚೀಪಿದಷ್ಟು. ಮೊದಲ ವಾರಗಳಲ್ಲಿ ಆ ಚೀಪುವಿಕೆ ರಬ್ಬರಿಗೆ ಹೋದರೆ ಹಾಲು ಕಟ್ಟುವುದು ತಡವಾಗುತ್ತದೆ, ಹಸಿವಿನ ಸೂಚನೆಯೂ ಮುಚ್ಚಿಹೋಗುತ್ತದೆ.

ಇದೇ ಹೊತ್ತಿಗೆ ದೆಹಲಿಯ ಇಂದಿರಾ ನಾರಾಯಣನ್ ಮತ್ತು ಸಂಗಡಿಗರು 1991ರಲ್ಲಿ, ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಹಾಲು ಹಿಂಡಿ ತೆಗೆದ ಎದೆಗೇ ಚೀಪಲು ಬಿಟ್ಟು ನೋಡಿದ ಪ್ರಯೋಗವನ್ನು ಪ್ರಕಟಿಸಿದರು. ನಮ್ಮ ಅಜ್ಜಿಯರಿಗೆ ಗೊತ್ತಿದ್ದುದನ್ನೇ ಶಾಸ್ತ್ರೀಯವಾಗಿ ನಿಲ್ಲಿಸಿದ ಈ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ. ನಿಜಾಮರ ಸೀಮೆಯದೇ ಆದ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸರ್ಕಾರದ ಜೊತೆಗೂಡಿ, ಕಡಿಮೆ ತೂಕದ ಕೂಸನ್ನು ತಾಯಿಯ ಬರಿಯೆದೆಗೆ ಅಪ್ಪಿಸಿಡುವ ಕಾಂಗರೂ ಆರೈಕೆಯನ್ನು ಜಿಲ್ಲೆಗೆ ವಿಸ್ತರಿಸಿದ್ದೂ ಇದೇ ದಾರಿಯ ಕೆಲಸ.

ಚಿಕ್ಕ ಮನೆಗಳ ಕಾಲ

1998ರಲ್ಲಿ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಚೇರಿಗಳ ಸೈಬರ್ ಟವರ್ಸ್ ತೆರೆದ ಮೇಲೆ ಮಾದಾಪುರದ ಸುತ್ತ ಬೇರೊಂದು ಊರೇ ಎದ್ದಿತು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಸುತ್ತಿನ ಹಳೆಯ ಕನ್ನಡ ಕುಟುಂಬಗಳಲ್ಲಿ ಬಾಣಂತಿಯ ಬಳಿ ನಾಲ್ಕು ಹೆಂಗಸರಾದರೂ ಇರುತ್ತಿದ್ದರು. ಹೊಸ ಫ್ಲ್ಯಾಟುಗಳಲ್ಲಿ, ಕಲಬುರಗಿಯಿಂದಲೋ ರಾಯಚೂರಿನಿಂದಲೋ ಬಂದ ಅವ್ವ ಬಾಣಂತನ ಮುಗಿಸಿ ಊರಿಗೆ ಹೊರಟಳೆಂದರೆ ಉಳಿಯುವವರು ಗಂಡ ಹೆಂಡತಿ ಇಬ್ಬರೇ. ಚೂಸ್ನಿ ಒಳಗೆ ಬಂದದ್ದು ಈ ಖಾಲಿ ಜಾಗದಲ್ಲಿ.

ಆ ಹೊತ್ತಿಗೆ ವೈದ್ಯರ ಅಭಿಪ್ರಾಯವೂ ಮೆತ್ತಗಾಗಿತ್ತು. ಮಾಂಟ್ರಿಯಲ್‌ನ 281 ತಾಯಂದಿರ ಮೇಲೆ ಮೈಕೆಲ್ ಕ್ರೇಮರ್ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೂಸ್ನಿ ಬೇಡವೆಂಬ ಸಲಹೆಯಿಂದ ಹಾಲು ಬಿಡಿಸುವುದೇನೂ ಕಡಿಮೆಯಾಗಲಿಲ್ಲ. ಹಾಲೂಡುವುದು ಕಷ್ಟವಾದ ಮನೆಗಳಲ್ಲೇ ಚೂಸ್ನಿ ಹೆಚ್ಚು ಬಳಕೆಯಾಗುತ್ತದೆ ಎಂಬುದು ಅದರ ಇಂಗಿತ. ನಿದ್ದೆಯಲ್ಲಿನ ಹಠಾತ್ ಶಿಶುಮರಣದ ಅಪಾಯ ತಗ್ಗಿಸುತ್ತದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2005ರಲ್ಲಿ ಮಲಗುವಾಗ ಚೂಸ್ನಿ ಕೊಡಬಹುದೆಂದಿತು, ಎದೆಹಾಲು ಕುಡಿಯುವುದು ಸರಿಯಾಗಿ ಹಿಡಿತಕ್ಕೆ ಬಂದ ಮೇಲೆ ಎಂಬ ಷರತ್ತಿನೊಡನೆ. 2018ರಲ್ಲಿ ಒಂಬತ್ತನೆಯ ಸೂತ್ರವೂ ಬದಲಾಯಿತು: ಕೊಡಲೇಬೇಡಿ ಎಂಬುದರ ಬದಲು, ಬಳಕೆ ಮತ್ತು ಅಪಾಯಗಳ ಬಗ್ಗೆ ತಾಯಿಗೆ ತಿಳಿಹೇಳಿ ಎಂದಾಯಿತು.

ಆದರೂ ಎದೆಯ ಮೆದುವಿಗೆ ಒಗ್ಗಿದ ಕೂಸು ರಬ್ಬರನ್ನು ಉಗುಳುವುದೇ ಹೆಚ್ಚು. ಕೊಡಲೇಬೇಕೆಂದರೆ ಮೊದಲ ಮೂರು ನಾಲ್ಕು ವಾರ ಕಾಯಬೇಕು. ತೂಕ ಏರುತ್ತಿದೆಯೇ ನೋಡಬೇಕು. ಹೊಟ್ಟೆ ತುಂಬಿದ, ಅಳು ಇನ್ನೂ ಜೋರಾಗದ ಹೊತ್ತಿನಲ್ಲಿ, ಸಾಧ್ಯವಾದರೆ ಅಪ್ಪನೋ ಅಜ್ಜಿಯೋ ತುಟಿಗೆ ತಾಗಿಸಬೇಕು. ತಾನಾಗಿ ಬಾಯಿ ತೆರೆದರೆ ಸರಿ, ಒಲ್ಲೆನೆಂದರೆ ಒತ್ತಾಯ ಬೇಡ. ಬಹಳಷ್ಟು ಕೂಸುಗಳು ಅದಿಲ್ಲದೆಯೇ ಬೆಳೆಯುತ್ತವೆ. ಜೇನು ಸವರಿ ಕೊಡುವುದು ಅಪಾಯ: ವರ್ಷ ತುಂಬದ ಮಗುವಿಗೆ ಜೇನಿನಿಂದ ಬಾಟುಲಿಸಂ ತಗಲಬಹುದು. ದಾರ ಕಟ್ಟಿ ಕೊರಳಿಗೆ ಹಾಕುವುದು ಇನ್ನೂ ಅಪಾಯ. ದಿನವೂ ಕುದಿಸಿ ತೊಳೆಯಲಾಗದ ಮನೆಯಲ್ಲಿ ಅದು ಭೇದಿಗೆ ದಾರಿ. ವರ್ಷಗಟ್ಟಲೆ ಬಿಡದಿದ್ದರೆ ಕಿವಿಸೋಂಕು, ಹಲ್ಲಿನ ಸಾಲು ಕೆಡುವುದು ಕಾಡುತ್ತವೆ.

ಕೂಸು ತಾನೇ ಸುಮ್ಮನಾಗಬೇಕೆಂಬ ನಿರೀಕ್ಷೆಗೆ ಶಾಸ್ತ್ರೀಯ ರೂಪ ಬಂದದ್ದು 1979ರಲ್ಲಿ. ಥಾಮಸ್ ಆಂಡರ್ಸ್ ರಾತ್ರಿ ವಿಡಿಯೋ ಇಟ್ಟು, ಎಚ್ಚರವಾಗಿಯೂ ಅಳದೆ ಮತ್ತೆ ಮಲಗುವ ಕೂಸುಗಳನ್ನು ಗುರುತಿಸಿದರು. ಅದು ವಯಸ್ಸಿನೊಂದಿಗೆ ಬರುವ ಸಾಮರ್ಥ್ಯ. ಮೊದಲ ತಿಂಗಳುಗಳಲ್ಲಿ ಬೇರೆ ಕೋಣೆಯಲ್ಲಿ ಅಳಲು ಬಿಟ್ಟು ಕಲಿಸುವ ಪಾಠವಾಗಬಾರದು. 1986ರಲ್ಲಿ ಹಂಝಿಕರ್ ಮತ್ತು ಬಾರ್ ಕಂಡುಕೊಂಡಂತೆ, ದಿನದಲ್ಲಿ ಹೆಚ್ಚು ಹೊತ್ತು ಎತ್ತಿಕೊಂಡ ಆರು ವಾರದ ಕೂಸುಗಳು ಉಳಿದವಕ್ಕಿಂತ ಶೇಕಡಾ 43ರಷ್ಟು ಕಡಿಮೆ ಅತ್ತವು. ‘ಎತ್ತಿ ಎತ್ತಿ ಚಟ ಹಚ್ಚಬ್ಯಾಡ’ ಎನ್ನುವವರು ಇದನ್ನು ಕೇಳಬೇಕು.

ಎತ್ತಿಕೊಳ್ಳುವ ಕೈಗೆ ಬಿಡುವು ಬೇಕು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಅದರ ಲಾಭ ಸಿಕ್ಕಿದ್ದು ಮುಖ್ಯವಾಗಿ ಕಚೇರಿಯ ಹೆಣ್ಣುಮಕ್ಕಳಿಗೆ. ಅದೇ ಕಚೇರಿಗಳ ಗೋಡೆ ಕಟ್ಟಿದ ತೆಲಂಗಾಣದ ಪಾಲಮೂರು, ಕರ್ನಾಟಕದ ರಾಯಚೂರಿನ ಕೂಲಿ ಹೆಂಗಸರಿಗಾಗಿ, 50ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಡೆ ಮಕ್ಕಳಿಗೆ ಪ್ರತ್ಯೇಕ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು. ಆ ಕೋಣೆ ಪ್ರತಿ ಕಟ್ಟಡದ ನಕ್ಷೆಯಲ್ಲೂ, ನೆಲದ ಮೇಲೂ ಇರುವಂತೆ ನೋಡಿಕೊಳ್ಳುವುದು ಎರಡೂ ರಾಜ್ಯಗಳ ಕಾರ್ಮಿಕ ಇಲಾಖೆಗಳ ಕೆಲಸ.