ಬ್ಯಾಂಡಿಡೋಸ್ ಮೋಟಾರ್‌ಸೈಕಲ್ ಕ್ಲಬ್

ಅಮೆರಿಕದ ಟೆಕ್ಸಾಸ್‌ನಲ್ಲಿ 1966ರಲ್ಲಿ ಹುಟ್ಟಿ, ಆಮೇಲೆ ಆಸ್ಟ್ರೇಲಿಯಾ, ಯೂರೋಪುಗಳಿಗೂ ಹಬ್ಬಿದ ಬೈಕ್ ಸವಾರರ ಕೂಟ. ಅಮೆರಿಕದ ನ್ಯಾಯಾಂಗ ಇಲಾಖೆ ಇದನ್ನು ಸಂಘಟಿತ ಅಪರಾಧಿ ಗುಂಪುಗಳ ಸಾಲಿಗೆ ಸೇರಿಸಿದೆ. ತಪ್ಪು ಮಾಡಿದ್ದು ಆಯಾ ಸದಸ್ಯ, ಕ್ಲಬ್ ಅಲ್ಲ ಎಂಬುದು ಕೂಟದವರ ವಾದ. ಇದರ ಅಪರಾಧ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ವಾದದ ಏಳುಬೀಳಿನ ಕಥೆಯೇ.

ಸ್ಥಾಪಕ ಡಾನ್ ಚೇಂಬರ್ಸ್ ಮರೀನ್ ದಳದಲ್ಲಿದ್ದು ಬಂದವನು, ಬಂದರುಕಟ್ಟೆಯ ಕೆಲಸಗಾರ. ಗ್ಯಾಲ್ವೆಸ್ಟನ್ ಕೊಲ್ಲಿಯ ದಡದ ಸ್ಯಾನ್ ಲಿಯೋನ್ ಎಂಬ ಸಣ್ಣ ಊರಿನಲ್ಲಿ ಕೂಟ ಕಟ್ಟಿದ. ಲಾಂಛನಕ್ಕೆ ಮರೀನ್ ದಳದ ಕೆಂಪು, ಹೊಂಬಣ್ಣಗಳನ್ನೇ ಆರಿಸಿಕೊಂಡ. ಸದಸ್ಯರ ಜಾಕೆಟ್ಟಿನ ಬೆನ್ನಿಗೆ ಅಗಲ ಟೋಪಿ ತೊಟ್ಟು ಕತ್ತಿ, ಪಿಸ್ತೂಲು ಹಿಡಿದ ಡೊಳ್ಳುಹೊಟ್ಟೆಯ ಡಕಾಯಿತನ ಚಿತ್ರ. 1972ರಲ್ಲಿ ಇಬ್ಬರು ಮಾದಕವಸ್ತು ಮಾರಾಟಗಾರರ ಕೊಲೆ ಪ್ರಕರಣದಲ್ಲಿ ಚೇಂಬರ್ಸ್ ಸಿಕ್ಕಿಬಿದ್ದು ಜೈಲು ಸೇರಿದ. ನಾಯಕತ್ವ ರಾನಿ ಹಾಡ್ಜ್ ಕೈಗೆ ಬಂತು.

1983ರಲ್ಲಿ ಸಿಡ್ನಿಯ ಕೋಮಾಂಚೆರೊ ಕೂಟದಿಂದ ಸಿಡಿದು ಬಂದವರು ಬ್ಯಾಂಡಿಡೋಸ್ ಶಾಖೆ ತೆರೆದರು. ಮರುವರ್ಷದ ಸೆಪ್ಟೆಂಬರ್ 2ರಂದು ಅದೇ ನಗರದ ಮಿಲ್ಪೆರಾದ ಒಂದು ಪಬ್ಬಿನ ಅಂಗಳದಲ್ಲಿ, ಬೈಕ್ ಬಿಡಿಭಾಗಗಳ ಸಂತೆ ನಡೆಯುತ್ತಿದ್ದಾಗ, ಹಳೆಯ ಗೆಳೆಯರೇ ಎದುರಾಬದುರು ನಿಂತು ಗುಂಡು ಹಾರಿಸಿಕೊಂಡರು. ಏಳು ಜನ ಸತ್ತರು. ಅವರಲ್ಲಿ ಒಬ್ಬಳು ಯಾವ ಕಡೆಗೂ ಸೇರದ 14 ವರ್ಷದ ಹುಡುಗಿ.

ಇದಕ್ಕಿಂತ ಭೀಕರವಾದದ್ದು 1994ರಿಂದ 1997ರವರೆಗೆ ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್ಲೆಂಡ್‌ಗಳಲ್ಲಿ ಎದುರಾಳಿ ಬೈಕ್ ಕೂಟವಾದ ಹೆಲ್ಸ್ ಏಂಜಲ್ಸ್ ಜೊತೆ ನಡೆದ ಕಾಳಗ. ಸ್ವೀಡನ್ ಸೇನೆಯ ಉಗ್ರಾಣಗಳಿಂದ ಕದ್ದ ಟ್ಯಾಂಕ್ ನಿರೋಧಕ ಅಸ್ತ್ರಗಳನ್ನು ಬೈಕ್ ಗುಂಪುಗಳು ಊರ ನಡುವೆಯೇ ಪ್ರಯೋಗಿಸಿದವು. 1996ರ ಮಾರ್ಚ್‌ನಲ್ಲಿ ಕೋಪನ್‌ಹೇಗನ್ ವಿಮಾನ ನಿಲ್ದಾಣದ ಹೊರಗೇ ಗುಂಡಿನ ದಾಳಿಯಾಯಿತು. ಅಕ್ಟೋಬರ್‌ನಲ್ಲಿ ಅದೇ ನಗರದ ಹೆಲ್ಸ್ ಏಂಜಲ್ಸ್ ಕ್ಲಬ್ ಮನೆಯ ಮೇಲೆ ಟ್ಯಾಂಕ್ ನಿರೋಧಕ ಅಸ್ತ್ರ ಬಿದ್ದು ಇಬ್ಬರು ಸತ್ತರು. ಒಟ್ಟು ಸತ್ತವರು 11 ಮಂದಿ. ಡೆನ್ಮಾರ್ಕ್ ಸಂಸತ್ತು ಅವಸರದಲ್ಲೇ ಕಾನೂನು ತಂದು, ವಸತಿ ಪ್ರದೇಶದ ಕ್ಲಬ್ ಮನೆಗಳಿಗೆ ಕಾಲಿಡದಂತೆ ಈ ಗುಂಪಿನವರನ್ನು ತಡೆಯುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. 1997ರ ಸೆಪ್ಟೆಂಬರ್ 25ರಂದು ಎರಡೂ ಕಡೆಯ ನಾಯಕರು ಟಿವಿ ಕ್ಯಾಮೆರಾದ ಮುಂದೆ ಕೈಕುಲುಕಿ ಸಂಧಾನ ಸಾರಿದರು. ಸರ್ಕಾರಗಳು ಮಾಡಿಕೊಳ್ಳುವ ಒಪ್ಪಂದದ ಠೀವಿ ಅದಕ್ಕಿತ್ತು!

2006ರ ಏಪ್ರಿಲ್‌ನಲ್ಲಿ ಕೆನಡಾದ ಶೆಡನ್ ಬಳಿ ಎಂಟು ಹೆಣಗಳು ಸಿಕ್ಕವು. ಕೊಂದವರೂ ಸತ್ತವರೂ ಇದೇ ಕೂಟದ ಕಡೆಯವರು. 2009ರಲ್ಲಿ ಆರು ಮಂದಿ ತಪ್ಪಿತಸ್ಥರೆಂದು ತೀರ್ಮಾನವಾಯಿತು.

ತವರಿನಲ್ಲಿ ಮಾತ್ರ ಪೊಲೀಸರು ಎಡವಿದರು. 2015ರ ಮೇ 17ರಂದು ಟೆಕ್ಸಾಸ್‌ನ ವೇಕೊ ನಗರದ ರೆಸ್ಟೋರೆಂಟ್ ಒಂದರ ಹೊರಗೆ ಬ್ಯಾಂಡಿಡೋಸ್ ಮತ್ತು ಕೊಸಾಕ್ಸ್ ಗುಂಪುಗಳ ನಡುವೆ ಗುಂಡಿನ ಕಾಳಗ ನಡೆದು ಒಂಬತ್ತು ಮಂದಿ ಸತ್ತರು. ಅಲ್ಲಿದ್ದವರಲ್ಲಿ 177 ಜನರನ್ನು ಒಟ್ಟಿಗೇ ಬಂಧಿಸಿ, ತಲೆಗೆ ಹತ್ತು ಲಕ್ಷ ಡಾಲರ್ ಜಾಮೀನು ಗೊತ್ತುಮಾಡಲಾಯಿತು. ಯಾರು ಯಾರಿಗೆ ಗುಂಡು ಹೊಡೆದರೆಂದು ಬಿಡಿಸಿ ತೋರಿಸದೆ, ಜಾಕೆಟ್ ತೊಟ್ಟವರೆಲ್ಲ ಪಾಲುದಾರರೆಂಬ ಧಾಟಿ ಅದು. ಒಬ್ಬನಿಗೂ ಶಿಕ್ಷೆಯಾಗಲಿಲ್ಲ. 2019ರಲ್ಲಿ ಉಳಿದ ಆರೋಪಗಳನ್ನೂ ಕೈಬಿಟ್ಟರು.

ಆದರೆ ಅದಕ್ಕೆ ಒಂದು ವರ್ಷ ಮೊದಲೇ ಸ್ಯಾನ್ ಆಂಟೋನಿಯೊದ ಫೆಡರಲ್ ನ್ಯಾಯಾಲಯದಲ್ಲಿ ಬೇರೆ ಪ್ರಕರಣವೊಂದು ಮುಗಿದಿತ್ತು. ಕೂಟದ ರಾಷ್ಟ್ರೀಯ ಅಧ್ಯಕ್ಷನಾಗಿದ್ದ ಜೆಫ್ರಿ ಪೈಕ್, ಉಪಾಧ್ಯಕ್ಷನಾಗಿದ್ದ ಜಾನ್ ಪೋರ್ಟಿಲ್ಲೊ ಇಬ್ಬರಿಗೂ ಸಂಘಟಿತ ಅಪರಾಧ ತಡೆ ಕಾನೂನಿನಡಿ ಜೀವಾವಧಿ ಶಿಕ್ಷೆಯಾಯಿತು. ಯೂರೋಪು ಇನ್ನೂ ಮುಂದೆ ಹೋಯಿತು: 2017ರಲ್ಲಿ ನೆದರ್‌ಲೆಂಡ್ಸ್‌ನ ನ್ಯಾಯಾಲಯ, 2021ರಲ್ಲಿ ಜರ್ಮನಿಯ ಗೃಹ ಸಚಿವಾಲಯ ಸದಸ್ಯರನ್ನು ಬಿಟ್ಟು ಸಂಘಟನೆಯನ್ನೇ ನಿಷೇಧಿಸಿದವು. ಜರ್ಮನಿಯ ಆದೇಶ ಆ ಲಾಂಛನವನ್ನು ಸಾರ್ವಜನಿಕವಾಗಿ ತೊಡುವುದಕ್ಕೂ ಅಡ್ಡಿಯಾಯಿತು.