ನೆಗಡಿಯ ಬಳಿಕ ಉಳಿಯುವ ಕೆಮ್ಮು, ತಲೆಸುತ್ತು

ಮೂಗು ಸೋರುವುದು ನಿಂತು, ಜ್ವರ ಬಿಟ್ಟ ಮೇಲೂ ಕೆಲವರನ್ನು ವಾರಗಟ್ಟಲೆ ಕಾಡುವ ಎರಡು ತೊಂದರೆಗಳು. ಜೊತೆಯಾಗಿ ಬಂದರೂ ಇವುಗಳ ನೆಲೆ ಬೇರೆ: ಕೆಮ್ಮು ಶ್ವಾಸನಾಳದ್ದು, ತಲೆಸುತ್ತು ಅನೇಕ ವೇಳೆ ಒಳಗಿವಿಯದು.

ಕೆಮ್ಮು: ವೈರಸ್ ತೊಲಗಿದರೂ ಶ್ವಾಸನಾಳದ ಒಳಪೊರೆ ಬೇಗ ಮಾಯುವುದಿಲ್ಲ. ಅಲ್ಲಿನ ನರತುದಿಗಳು ಒಗ್ಗರಣೆಯ ಘಾಟಿಗೆ, ತಣ್ಣನೆ ಗಾಳಿಗೆ, ಜೋರಾಗಿ ನಕ್ಕರೂ ಕೆರಳುತ್ತವೆ. ಈ ಒಣಕೆಮ್ಮು ಸಾಮಾನ್ಯವಾಗಿ 8 ವಾರದೊಳಗೆ ತಾನಾಗಿ ಇಳಿಯುತ್ತದೆ, ಆಂಟಿಬಯಾಟಿಕ್‌ನಿಂದ ಉಪಯೋಗವಿಲ್ಲ. ಜೇನು ಗಂಟಲಿಗೆ ಹಿತ, ಆದರೆ 1 ವರ್ಷ ತುಂಬದ ಕೂಸಿಗೆ ನೆಕ್ಕಿಸಬಾರದು. ಭಾರತದಲ್ಲಿ 2 ವಾರ ಮೀರಿದ ಕೆಮ್ಮಿಗೆ ಕ್ಷಯದ ಕಫ ಪರೀಕ್ಷೆ ಮಾಡಿಸುವುದು ರೂಢಿ. ನೆಗಡಿಯದೇ ಇರಬೇಕೆಂದು ಕಾಯುತ್ತ ಕೂರುವುದು ಸಲ್ಲದು.

ತಲೆಸುತ್ತು: ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಕಟ್ಟಿದರೆ ಅದು ಹೆಚ್ಚಾಗಿ ನೀರು, ಊಟ ಕಡಿಮೆಯಾದದ್ದರಿಂದ, ನೆಗಡಿ ಮಾತ್ರೆಯ ಮಂಪರೂ ಇರಬಹುದು. ಮಲಗಿದ್ದರೂ ಮನೆಯೇ ಗಿರಗಿರ ತಿರುಗಿದಂತಾಗಿ ವಾಂತಿ ಬಂದರೆ ಒಂದು ಕಿವಿಯ ಸಮತೋಲದ ನರ ಊದಿಕೊಂಡಿರಬಹುದು. ಇದಕ್ಕೆ ವೈರಸ್ ಕಾರಣವೆಂದು ಊಹೆ. ಪ್ರತಿ ರೋಗಿಯಲ್ಲೂ ಅದನ್ನು ತೋರಿಸಲಾಗದು. ಜೊತೆಗೆ ಕಿವಿ ಮಂದವಾದರೆ, ಮಾತು ತೊದಲಿದರೆ, ಒಂದೇ ವಸ್ತು ಎರಡಾಗಿ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಯಾವ ಕಿವಿ ಸೋತಿದೆ ಎಂಬುದನ್ನು ನೀರಿನಿಂದ ಪತ್ತೆಹಚ್ಚುವ ಪರೀಕ್ಷೆ ವಿಯೆನ್ನಾದ ಕಿವಿವೈದ್ಯ ರಾಬರ್ಟ್ ಬಾರಾನಿಯದು. ಕಿವಿ ತೊಳೆಸಿಕೊಂಡವರು ತಲೆ ತಿರುಗುತ್ತದೆ ಎನ್ನುತ್ತಿದ್ದರು; ಅವರ ಕಣ್ಣುಗುಡ್ಡೆಗಳು ಅದುರುತ್ತಿದ್ದವು. ನೀರು ತಣ್ಣಗಿದ್ದಾಗ ಒಂದು ದಿಕ್ಕಿಗೆ, ಬಿಸಿಯಾಗಿದ್ದಾಗ ಎದುರು ದಿಕ್ಕಿಗೆ. ಬಾರಾನಿಗೆ ಹೊಳೆದದ್ದು ಸ್ನಾನದ ನೀರು ಕಾಯಿಸುವ ಪಾತ್ರೆ: ನಮ್ಮ ಬಚ್ಚಲ ಹಂಡೆಯಲ್ಲೂ ಕಾದ ನೀರು ಮೇಲೇರುತ್ತದೆ, ತಣ್ಣನೆಯದು ತಳಕ್ಕಿಳಿಯುತ್ತದೆ. ಕಿವಿಯ ಅರ್ಧವೃತ್ತ ನಾಳಗಳ ದ್ರವವೂ ಹಾಗೆಯೇ ಹರಿದು, ತಲೆ ತಿರುಗಿತೆಂಬ ಸುಳ್ಳು ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಸೋತ ಕಿವಿಗೆ ನೀರು ಬಿಟ್ಟರೆ ಕಣ್ಣು ಅದುರುವುದು ಕಡಿಮೆ, ಇಲ್ಲವೇ ಅದುರುವುದೇ ಇಲ್ಲ. ತಮಗೆ 1914ರ ನೊಬೆಲ್ ಪ್ರಕಟವಾದಾಗ ಬಾರಾನಿ ರಷ್ಯದಲ್ಲಿ ಯುದ್ಧಕೈದಿ. ಹಂಡೆಯ ವಿವರಣೆ ಪೂರ್ಣವಲ್ಲವೆಂಬುದು 1983ರಲ್ಲಿ ಬಾಹ್ಯಾಕಾಶ ಪ್ರಯೋಗಾಲಯ ಸ್ಪೇಸ್‌ಲ್ಯಾಬ್‌ನಲ್ಲಿ ತಿಳಿಯಿತು: ಬಿಸಿ ಮೇಲೇರದ ಆ ತೂಕವಿಲ್ಲದ ಸ್ಥಿತಿಯಲ್ಲೂ ಗಗನಯಾತ್ರಿಗಳ ಕಣ್ಣು ಅದುರಿತು. ಪರೀಕ್ಷೆ ಮಾತ್ರ ಇಂದಿಗೂ ಬಳಕೆಯಲ್ಲಿದೆ.

ಚೇತರಿಕೆ: ಮೊದಲ ಕೆಲವು ದಿನ ತಲೆಸುತ್ತು ತೀವ್ರ, ಆಮೇಲೆ ಎರಡು ಕಿವಿಗಳ ಅಸಮ ಸುದ್ದಿಗೆ ಮಿದುಳು ಒಗ್ಗಿಕೊಳ್ಳುತ್ತದೆ. ಗೋಡೆ ಹಿಡಿದಾದರೂ ಓಡಾಡಬೇಕು, ಕತ್ತು ಹೊರಳಿಸಬೇಕು. ತಲೆಸುತ್ತಿನ ಮಾತ್ರೆ ಆರಂಭದ ದಿನಗಳಿಗೆ ಸಾಕು. ಮುಂದುವರಿಸಿದರೆ ಈ ಒಗ್ಗಿಕೆಯೇ ತಡವಾಗುತ್ತದೆ.